ಮಸಾಲೆ ಪುಡಿ ವ್ಯಾಪಾರಕ್ಕೆ ಇಳಿಯುವ ಮುನ್ನ: ಕಾಸು ಕೊಡದೆ ಸಿಗುವ ಮಾಹಿತಿ ಎಲ್ಲೆಲ್ಲಿದೆ

"ಭಾರತದ ಮಸಾಲೆ ಮಾರುಕಟ್ಟೆ ಎಷ್ಟು ದೊಡ್ಡದು" ಅಂತ ಗೂಗಲ್ ಮಾಡಿ ನೋಡಿ. ಮೊದಲ ಪುಟದ ತುಂಬ ವರದಿ ಮಾರುವವರೇ. ಇಷ್ಟು ಸಾವಿರ ಕೋಟಿ, ವರ್ಷಕ್ಕೆ ಇಷ್ಟು ಪರ್ಸೆಂಟ್ ಬೆಳವಣಿಗೆ, ಪೂರ್ತಿ ಓದಬೇಕೆಂದರೆ ಡಾಲರ್ ಲೆಕ್ಕದಲ್ಲಿ ದುಡ್ಡು ಕಟ್ಟಿ. ಐದು-ಹತ್ತು ಲಕ್ಷ ಬಂಡವಾಳದಲ್ಲಿ ಖಾರದ ಪುಡಿ, ಸಾಂಬಾರ್ ಪುಡಿ ಮಾಡಲು ಹೊರಟವರಿಗೆ ಆ ಅಂಕಿ ಬ್ಯಾಂಕಿಗೆ ಕೊಡುವ ಪ್ರಾಜೆಕ್ಟ್ ರಿಪೋರ್ಟಿನ ಮೊದಲ ಪುಟ ತುಂಬಿಸಲು ಬಿಟ್ಟರೆ ಇನ್ಯಾವುದಕ್ಕೂ ಬರುವುದಿಲ್ಲ. ನಮ್ಮ ತಾಲ್ಲೂಕಿನಲ್ಲಿ ಯಾರು ಮಾರುತ್ತಿದ್ದಾರೆ, ಅವರ ವಹಿವಾಟು ಎಷ್ಟು, ಮೆಣಸಿನಕಾಯಿ ಯಾವ ರೇಟಿಗೆ ಸಿಗುತ್ತದೆ, ಕೆಜಿಗೆ ಏನು ಉಳಿಯುತ್ತದೆ? ಬೇಕಾದದ್ದು ಇವಕ್ಕೆ ಉತ್ತರ. ಹೆಚ್ಚುಕಮ್ಮಿ ಎಲ್ಲವೂ ಸರ್ಕಾರಿ ವೆಬ್‌ಸೈಟ್‌ಗಳಲ್ಲಿ ಪುಕ್ಕಟೆ ಸಿಗುತ್ತವೆ. ಹುಡುಕುವ ಕ್ರಮ ಗೊತ್ತಿರಬೇಕು ಅಷ್ಟೆ.

ಕೆಲಸ ಶುರುವಾಗಬೇಕಾದ್ದು ಕಂಪ್ಯೂಟರಿನಲ್ಲಲ್ಲ, ಕಿರಾಣಿ ಅಂಗಡಿಯಲ್ಲಿ. ನಿಮ್ಮ ಊರಿನಲ್ಲಿ ಚೆನ್ನಾಗಿ ಓಡುವ ನಾಲ್ಕೈದು ಬ್ರ್ಯಾಂಡಿನ 100 ಗ್ರಾಂ ಪ್ಯಾಕೆಟ್ ತನ್ನಿ, ಹಿಂಬದಿ ಓದಿ. "ಮ್ಯಾನುಫ್ಯಾಕ್ಚರ್ಡ್ ಬೈ" ಒಬ್ಬರು, "ಮಾರ್ಕೆಟೆಡ್ ಬೈ" ಇನ್ನೊಬ್ಬರು ಅಂತಿದ್ದರೆ ಆ ಬ್ರ್ಯಾಂಡಿನವರು ಬೇರೆಯವರ ಕಾರ್ಖಾನೆಯಲ್ಲಿ ಪುಡಿ ಮಾಡಿಸುತ್ತಿದ್ದಾರೆ ಎಂದರ್ಥ. ನೀವೂ ಮೊದಲ ವರ್ಷ ಗಿರಣಿ ಹಾಕದೆ ಅದೇ ಕಾರ್ಖಾನೆಯವರನ್ನು ವಿಚಾರಿಸಬಹುದು. ಪಕ್ಕದಲ್ಲೇ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್ ಇರುತ್ತದೆ. ಮೊದಲ ಅಂಕಿ 1 ಇದ್ದರೆ ಲೈಸೆನ್ಸ್, 2 ಇದ್ದರೆ ಸಣ್ಣವರಿಗೆ ಕೊಡುವ ನೋಂದಣಿ. ಮುಂದಿನ ಎರಡು ಅಂಕಿ ರಾಜ್ಯದ್ದು (ಕರ್ನಾಟಕಕ್ಕೆ 12, ಕೇಂದ್ರದ ಲೈಸೆನ್ಸಾದರೆ 00), ಅದರ ಮುಂದಿನ ಎರಡು ವರ್ಷದ್ದು. ಅಂದರೆ 11219 ಅಂತ ಶುರುವಾದರೆ ಕರ್ನಾಟಕದಲ್ಲಿ 2019ರಲ್ಲಿ ಪಡೆದ ಲೈಸೆನ್ಸ್. ಅದೇ ಪ್ರಾಧಿಕಾರದ ಫಾಸ್ಕಾಸ್ ಪೋರ್ಟಲ್‌ನಲ್ಲಿ ಇದೇ ನಂಬರ್ ಹಾಕಿದರೆ ಹೆಸರು, ವಿಳಾಸ, ಲೈಸೆನ್ಸ್ ಚಾಲ್ತಿಯಲ್ಲಿದೆಯೇ ಎಂಬುದು ಗೊತ್ತಾಗುತ್ತದೆ.

ಇನ್ನು ಜಿಎಸ್‌ಟಿ ನಂಬರ್. ಪ್ಯಾಕೆಟ್ ಮೇಲೆ ಇಲ್ಲದಿದ್ದರೆ ಅವರ ವೆಬ್‌ಸೈಟಿನಿಂದ ಒಂದು ಪ್ಯಾಕೆಟ್ ತರಿಸಿ, ಬಿಲ್ಲಿನ ಮೇಲೆ ಇರುತ್ತದೆ. 15 ಅಕ್ಷರಗಳಲ್ಲಿ ಮೊದಲ ಎರಡು ರಾಜ್ಯದ ಕೋಡ್, ಕರ್ನಾಟಕಕ್ಕೆ 29. ನಂತರದ ಹತ್ತು ಪ್ಯಾನ್. ಇಡೀ ನಂಬರಿನ ಆರನೇ ಅಕ್ಷರ ನೋಡಿ: ಪಿ ಇದ್ದರೆ ಒಬ್ಬನೇ ಮಾಲೀಕ, ಎಫ್ ಇದ್ದರೆ ಪಾಲುದಾರಿಕೆ, ಸಿ ಇದ್ದರೆ ಕಂಪನಿ. ಜಿಎಸ್‌ಟಿ ಪೋರ್ಟಲ್‌ನ "ಸರ್ಚ್ ಟ್ಯಾಕ್ಸ್‌ಪೇಯರ್" ನೋಡಲು ಲಾಗಿನ್ ಬೇಕಿಲ್ಲ. ನೋಂದಣಿಯಾದ ದಿನ, ಯಾವ್ಯಾವ ಸರಕಿಗೆ ನೋಂದಣಿ, ತಿಂಗಳು ತಿಂಗಳು ರಿಟರ್ನ್ ಸಲ್ಲಿಸಿದ್ದಾರೋ ಇಲ್ಲವೋ, ಎಲ್ಲ ಸಿಗುತ್ತವೆ. ಸತತವಾಗಿ ರಿಟರ್ನ್ ತಪ್ಪಿಸುವವರಿಂದ ಮಾಲು ಕೊಳ್ಳಲು ಹೋಗಬೇಡಿ, ನಿಮ್ಮ ಇನ್‌ಪುಟ್ ಕ್ರೆಡಿಟ್ (ಕೊಳ್ಳುವಾಗ ಕಟ್ಟಿದ ತೆರಿಗೆಗೆ ಸಿಗುವ ವಜಾ) ಸಿಕ್ಕಿಹಾಕಿಕೊಳ್ಳುತ್ತದೆ.

ಇಲ್ಲೇ ಕೆಲವರಿಗೆ ಮಾತ್ರ ಗೊತ್ತಿರುವ ಒಂದು ಉಪಾಯವಿದೆ. ಇ-ಇನ್‌ವಾಯ್ಸ್ (ಸರ್ಕಾರಿ ಪೋರ್ಟಲ್‌ನಲ್ಲಿ ದಾಖಲಿಸುವ ಬಿಲ್) ಪೋರ್ಟಲ್ ಬೇರೆ ಇದೆ, ಅದರಲ್ಲೂ ಜಿಎಸ್‌ಟಿ ನಂಬರ್ ಹಾಕಿ ಹುಡುಕಬಹುದು. 2023ರ ಆಗಸ್ಟ್ 1ರಿಂದ, 2017-18ರಿಂದ ಈಚೆಗೆ ಯಾವುದಾದರೂ ಒಂದು ವರ್ಷ ವಹಿವಾಟು 5 ಕೋಟಿ ದಾಟಿದವರಿಗೆಲ್ಲ ಇ-ಇನ್‌ವಾಯ್ಸ್ ಕಡ್ಡಾಯ. ಹಾಗಾಗಿ ಪ್ರತಿಸ್ಪರ್ಧಿಯ ಹೆಸರಿನ ಮುಂದೆ "ಎನೇಬಲ್ಡ್" ಅಂತ ಬಂದರೆ ಆಸಾಮಿ 5 ಕೋಟಿಗಿಂತ ಮೇಲಿನವನು ಅಂತ ಅಂದಾಜು ಮಾಡಬಹುದು. ಅಂದಾಜು ಅಷ್ಟೆ. ಲೆಕ್ಕಕ್ಕೆ ಬರುವುದು ಆ ಪ್ಯಾನ್‌ನ ಎಲ್ಲ ರಾಜ್ಯಗಳ ಎಲ್ಲ ವ್ಯಾಪಾರ. ಮಸಾಲೆಯ ಜತೆ ಅಡಿಕೆ ವ್ಯಾಪಾರವೂ ಇದ್ದರೆ ಎರಡೂ ಸೇರಿರುತ್ತದೆ.

ಕಂಪನಿಯಾಗಿದ್ದರೆ ಎಂಸಿಎ (ಕಂಪನಿ ವ್ಯವಹಾರಗಳ ಸಚಿವಾಲಯ) ವೆಬ್‌ಸೈಟಿನಲ್ಲಿ ಲಾಗಿನ್ ಆಗಿ ಮಾಸ್ಟರ್ ಡೇಟಾ (ಕಂಪನಿಯ ಮೂಲ ವಿವರ) ನೋಡಿ. ಬಿಡಿಗಾಸು ಖರ್ಚಿಲ್ಲ. ಬ್ಯಾಲೆನ್ಸ್ ಶೀಟ್ ಬೇಕಾದರೆ ಕಂಪನಿಯೊಂದಕ್ಕೆ 100 ರೂಪಾಯಿ ಕಟ್ಟಿ ಸಲ್ಲಿಕೆಯಾದ ದಾಖಲೆಗಳನ್ನು ತೆರೆಯಬಹುದು. ಈ ಪಟ್ಟಿಯಲ್ಲಿ ದುಡ್ಡು ಕೊಡಲು ಯೋಗ್ಯವಾದದ್ದು ಇದೊಂದೇ. ಕಂಪನಿ ಅಥವಾ ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಅಲ್ಲದವರದ್ದು ಇಲ್ಲಿ ಇರುವುದಿಲ್ಲ.

ಪುಕ್ಕಟೆ ಸಿಗುವುದರಲ್ಲಿ ಎಲ್ಲಕ್ಕಿಂತ ಬೆಲೆಬಾಳುವುದು, ನನ್ನ ಪ್ರಕಾರ, ರೇಟಿಂಗ್ ಸಂಸ್ಥೆಗಳ ಟಿಪ್ಪಣಿ. ಬ್ಯಾಂಕ್ ಸಾಲಕ್ಕಾಗಿ ರೇಟಿಂಗ್ ಮಾಡಿಸಿಕೊಂಡ ಮಧ್ಯಮ ಗಾತ್ರದ ಉದ್ದಿಮೆಗಳ ಬಗ್ಗೆ ಕ್ರಿಸಿಲ್, ಇಕ್ರಾ, ಕೇರ್, ಅಕ್ಯುಟೆ, ಇನ್ಫೊಮೆರಿಕ್ಸ್ ತಮ್ಮ ವೆಬ್‌ಸೈಟಿನಲ್ಲಿ ಕೆಲವು ಪುಟಗಳ "ರೇಟಿಂಗ್ ರ‍್ಯಾಷನಲ್" ಹಾಕುತ್ತವೆ. ಎರಡು-ಮೂರು ವರ್ಷದ ಮಾರಾಟ, ಲಾಭದ ಪ್ರಮಾಣ, ಗಿರಾಕಿಗಳಿಂದ ಹಣ ಬರಲು ಹಿಡಿಯುವ ದಿನಗಳು, ದಾಸ್ತಾನು ಎಷ್ಟು ದಿನದ್ದು, ಓಡಿಯ (ಓವರ್‌ಡ್ರಾಫ್ಟ್ ಸಾಲದ) ಮಿತಿಯನ್ನು ಎಷ್ಟು ಬಳಸಿಕೊಂಡಿದ್ದಾರೆ, ಇವೆಲ್ಲ ಅದರಲ್ಲಿರುತ್ತವೆ. ಮಸಾಲೆಯವರ ಟಿಪ್ಪಣಿಯಲ್ಲಿ ದಾಸ್ತಾನಿನ ಸಾಲು ತಪ್ಪದೆ ಓದಿ. ಮೆಣಸಿನಕಾಯಿ ಬರುವುದು ಸುಗ್ಗಿಯಲ್ಲಿ, ಪುಡಿ ಮಾರುವುದು ವರ್ಷವಿಡೀ. ನಡುವೆ ಕೋಲ್ಡ್ ಸ್ಟೋರೇಜಿನಲ್ಲಿ ದುಡ್ಡು ಮಲಗಿರುತ್ತದೆ. ಹೊಸಬರ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಒಂದು ತಿಂಗಳ ಕಚ್ಚಾ ಮಾಲಿನ ಖರ್ಚನ್ನೇ ದುಡಿಯುವ ಬಂಡವಾಳ ಅಂತ ತೋರಿಸಿರುತ್ತಾರೆ. ಆ ರಿಪೋರ್ಟ್ ಮುಗ್ಗರಿಸುವುದು ಅಲ್ಲಿಯೇ. ಟಿಪ್ಪಣಿಯ ಮೇಲೆ "ಇಶ್ಯೂಯರ್ ನಾಟ್ ಕೋಆಪರೇಟಿಂಗ್" ಅಂತಿದ್ದರೆ ಆ ಉದ್ದಿಮೆಯವರು ಮಾಹಿತಿ ಕೊಟ್ಟಿಲ್ಲ, ಅಂಕಿಗಳು ಹಳೆಯವು ಎಂದರ್ಥ; ಅವರು ಮಾಹಿತಿ ಕೊಟ್ಟಿದ್ದ ಹಿಂದಿನ ವರ್ಷದ ಟಿಪ್ಪಣಿ ಹುಡುಕಿ.

ಆ ಡಾಲರ್ ವರದಿಗಳಲ್ಲಿ ಇರುವಂಥದ್ದನ್ನೇ ಓದಲೇಬೇಕು ಅನ್ನುವವರಿಗೆ ಒಂದು ಹಿಂಬಾಗಿಲಿದೆ. ಷೇರು ಮಾರುಕಟ್ಟೆಗೆ ಬರುವ ಕಂಪನಿಗಳು ಆ ಮಾರುಕಟ್ಟೆಯ ನಿಯಂತ್ರಕ ಸೆಬಿಗೆ ಸಲ್ಲಿಸುವ ಕರಡು ಪತ್ರದಲ್ಲಿ "ಇಂಡಸ್ಟ್ರಿ ಓವರ್‌ವ್ಯೂ" ಎಂಬ ಅಧ್ಯಾಯವಿರುತ್ತದೆ. ಸಾಮಾನ್ಯವಾಗಿ ಅದು ಕಂಪನಿ ದುಡ್ಡು ಕೊಟ್ಟು ಮಾಡಿಸಿದ ದುಬಾರಿ ವರದಿಯ ಸಾರ. ಎಂಟಿಆರ್ ಬ್ರ್ಯಾಂಡಿನ ಒಡೆಯರಾದ ಓರ್ಕ್ಲಾ ಇಂಡಿಯಾ 2025ರಲ್ಲಿ ಐಪಿಒ (ಸಾರ್ವಜನಿಕರಿಗೆ ಮೊದಲ ಷೇರು ಮಾರಾಟ) ತಂದಿತು. ಮಸಾಲೆ ಪುಡಿ ಮಾಡುವ ಕನ್ನಡಿಗರಿಗೆ ಅದರ ಪತ್ರದ ಆ ಅಧ್ಯಾಯ ಒಳ್ಳೆಯ ಓದು, ಕರ್ನಾಟಕದ ಪ್ಯಾಕೆಟ್ ಮಸಾಲೆಯ ಬಗ್ಗೆಯೇ ವಿವರವಿದೆ. ಸೆಬಿ ವೆಬ್‌ಸೈಟಿನಲ್ಲಿ "ಫೈಲಿಂಗ್ಸ್", ಅದರೊಳಗೆ "ಪಬ್ಲಿಕ್ ಇಶ್ಯೂಸ್". ಸಣ್ಣ-ಮಧ್ಯಮ ಉದ್ದಿಮೆಗಳ (ಎಸ್‌ಎಂಇ) ಐಪಿಒಗಳ ಪತ್ರಗಳನ್ನು ಬಿಎಸ್‌ಇ, ಎನ್‌ಎಸ್‌ಇ ವೆಬ್‌ಸೈಟ್‌ಗಳಲ್ಲಿ ನೋಡಿ, ನಿಮ್ಮ ಗಾತ್ರಕ್ಕೆ ಅವೇ ಹತ್ತಿರ. ಆದರೆ ಷೇರು ಮಾರಲು ಹೊರಟವರು ಮಾಡಿಸಿದ ವರದಿಯಲ್ಲಿ ಬೆಳವಣಿಗೆಯ ಅಂದಾಜು ಉಬ್ಬಿಸಿಯೇ ಇರುತ್ತದೆ. ಹಿಂದಿನ ವರ್ಷಗಳ ಅಂಕಿ ತೆಗೆದುಕೊಳ್ಳಿ, ಮುಂದಿನ ವರ್ಷಗಳ ಭವಿಷ್ಯ ಬಿಡಿ. "ರಿಸ್ಕ್ ಫ್ಯಾಕ್ಟರ್ಸ್" ಮಾತ್ರ ಪೂರ್ತಿ ಓದಿ, ವಕೀಲರ ಭಯದಿಂದಲಾದರೂ ಅಲ್ಲಿ ನಿಜ ಬರೆದಿರುತ್ತಾರೆ.

ಕಾಯಿಯ ರೇಟಿಗೆ ಬರೋಣ. ರಾಜ್ಯ ಕೃಷಿ ಮಾರಾಟ ಇಲಾಖೆಯ "ಕ್ರಮ" ಎಂಬ ವೆಬ್‌ಸೈಟಿನಲ್ಲೂ ಕೇಂದ್ರದ ಅಗ್‌ಮಾರ್ಕ್‌ನೆಟ್‌ನಲ್ಲೂ ಬ್ಯಾಡಗಿ ಎಪಿಎಂಸಿಯ ಆವಕ, ಕನಿಷ್ಠ, ಗರಿಷ್ಠ, ಮಾದರಿ ದರ ಸಿಗುತ್ತವೆ. ಮಾದರಿ ದರ ಸರಾಸರಿಯಲ್ಲ, ಹೆಚ್ಚು ಮಾಲು ಮಾರಾಟವಾದ ದರ. ಡಬ್ಬಿ, ಕಡ್ಡಿ, ಗುಂಟೂರು ತಳಿಗಳ ದರ ಒಂದಕ್ಕೊಂದು ಸಂಬಂಧವಿಲ್ಲದಂತೆ ಇರುತ್ತದೆ, ಬೆರೆಸಬೇಡಿ. ಅಲ್ಲಿ ಮುಖ್ಯ ವಹಿವಾಟು ಸೋಮವಾರ ಮತ್ತು ಗುರುವಾರ. ಬೇರೆ ದಿನದ ಚಿಲ್ಲರೆ ಆವಕದ ದರ ಹಿಡಿದು ಲೆಕ್ಕ ಹಾಕಿದರೆ ದಾರಿ ತಪ್ಪುತ್ತೀರಿ. ಮೂರು ವರ್ಷದ ಅಂಕಿ ಎಕ್ಸೆಲ್‌ಗೆ ಇಳಿಸಿ, ಪ್ರತಿದಿನದ ದರವನ್ನು ಆವಕದಿಂದ ಗುಣಿಸಿ, ಒಂದು ತಿಂಗಳದ್ದೆಲ್ಲ ಕೂಡಿಸಿ, ಆ ತಿಂಗಳ ಒಟ್ಟು ಆವಕದಿಂದ ಭಾಗಿಸಿ. ಆಗ ಬರುವ ತಿಂಗಳ ಸರಾಸರಿ ನಂಬುವಂಥದ್ದು. ಒಂದೇ ವರ್ಷದ ದರ ನೆಚ್ಚಿಕೊಳ್ಳುವಂತಿಲ್ಲ. 2024ರ ಮಾರ್ಚಿನಲ್ಲಿ ದರ ಕುಸಿದು ಬ್ಯಾಡಗಿ ಮಾರುಕಟ್ಟೆಯಲ್ಲಿ ರೈತರ ಸಿಟ್ಟು ಬೆಂಕಿ ಹಚ್ಚುವವರೆಗೆ ಹೋದದ್ದು ಎಲ್ಲರಿಗೂ ನೆನಪಿದೆ.

ಈಗ ಪ್ಯಾಕೆಟ್ಟಿನ ಬೆಲೆ, ಕಾಯಿಯ ದರ ಎರಡನ್ನೂ ಜೋಡಿಸಿ. ಲೆಕ್ಕಕ್ಕಾಗಿ ಹಿಡಿದ ಅಂಕಿಗಳಿವು: 100 ಗ್ರಾಂ ಪ್ಯಾಕೆಟ್ಟಿನ ಎಂಆರ್‌ಪಿ 55 ರೂ. ಅಂಗಡಿಯವರಿಗೆ ಅದರ 15 ಪರ್ಸೆಂಟ್ ಬಿಟ್ಟರೆ 46.75. ಡಿಸ್ಟ್ರಿಬ್ಯೂಟರ್‌ಗೆ ಅದರಲ್ಲಿ 6 ಪರ್ಸೆಂಟ್, ಉಳಿದದ್ದು 43.95. ಇದರೊಳಗಿನ 5 ಪರ್ಸೆಂಟ್ ಜಿಎಸ್‌ಟಿ ತೆಗೆದರೆ ಸುಮಾರು 41.85. ಕೆಜಿಗೆ 418 ರೂಪಾಯಿ ನಿಮ್ಮ ಕೈಗೆ. ಕಾಯಿ ಕ್ವಿಂಟಲ್‌ಗೆ 30,000 ಇದ್ದರೆ ಕೆಜಿಗೆ 300. ತೊಟ್ಟು, ಕಸ, ತೇವ ಎಲ್ಲ ಸೇರಿ 10 ಪರ್ಸೆಂಟ್ ತೂಕ ಇಳಿದರೆ ಕೆಜಿ ಪುಡಿಗೆ ಬಿದ್ದದ್ದು 333. ಉಳಿದ 85 ರೂಪಾಯಿಯಲ್ಲಿ ಹಮಾಲಿ, ಸಾಗಣೆ, ಬೀಸುವ ಖರ್ಚು, ಕವರ್, ಕರೆಂಟು, ಸಂಬಳ, ಬಡ್ಡಿ. ಸಣ್ಣ ಆಹಾರ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ ತಂದ ಪಿಎಂಎಫ್‌ಎಂಇ ಯೋಜನೆಗಾಗಿ ತಂಜಾವೂರಿನ ಆಹಾರ ತಂತ್ರಜ್ಞಾನ ಸಂಸ್ಥೆ ನಿಫ್ಟೆಮ್ ಮಾಡಿಟ್ಟಿರುವ ಮಾದರಿ ಯೋಜನಾ ವರದಿಗಳು ಪುಕ್ಕಟೆ ಸಿಗುತ್ತವೆ. ಯಂತ್ರಗಳ ಪಟ್ಟಿ, ಜಾಗದ ಅಳತೆಗೆ ಅವನ್ನು ನೋಡಿ. ರೇಟುಗಳನ್ನು ಮಾತ್ರ ಹಾಗೇ ನಕಲು ಮಾಡಬೇಡಿ, ಇವತ್ತಿನ ಕೊಟೇಶನ್ ತರಿಸಿ.

ಬೇಡಿಕೆಯ ಅಂದಾಜಿಗೆ ಕೇಂದ್ರ ಅಂಕಿಅಂಶ ಸಚಿವಾಲಯದ ಗೃಹ ಬಳಕೆ ವೆಚ್ಚ ಸಮೀಕ್ಷೆ. 2023-24ರದ್ದರ ಪ್ರಕಾರ ದೇಶದ ಹಳ್ಳಿಗಳಲ್ಲಿ ತಲೆಗೆ ತಿಂಗಳ ಖರ್ಚು 4,122 ರೂ., ಪಟ್ಟಣಗಳಲ್ಲಿ 6,996. ಹಳ್ಳಿಯಲ್ಲಿ ಇದರ ಸುಮಾರು 47 ಪರ್ಸೆಂಟ್ ತಿನ್ನುವುದಕ್ಕೇ. ಒಣಮೆಣಸಿನಕಾಯಿ ಬೇರೆ, ಕರಿ ಪೌಡರ್ ಬೇರೆ ಅಂತ ಬಾಬ್ತುಗಳಿರುವುದರಿಂದ ಈ ಸಮೀಕ್ಷೆ ನಮಗೆ ಮುಖ್ಯ. ಕಾಯಿ ಕೊಂಡು ಗಿರಣಿಯಲ್ಲಿ ಬೀಸಿಸಿಕೊಳ್ಳುವ ಮನೆ ಮೊದಲನೆಯದರಲ್ಲಿ ಬರುತ್ತದೆ, ಅದು ಸದ್ಯಕ್ಕೆ ನಿಮ್ಮ ಗಿರಾಕಿಯಲ್ಲ. ಎರಡನ್ನೂ ಕೂಡಿಸಿ "ಇಷ್ಟು ದೊಡ್ಡ ಮಾರುಕಟ್ಟೆ" ಅಂದುಕೊಳ್ಳುವುದು ಮಾಮೂಲಿ ತಪ್ಪು. ಜನಸಂಖ್ಯೆಗೆ ಇನ್ನೂ 2011ರ ಜನಗಣತಿಯೇ ಗತಿ, ಊರು ಬೆಳೆದಿದ್ದರೆ ನಿಮ್ಮ ಕಡೆಯಿಂದ ಅಷ್ಟು ಸೇರಿಸಿಕೊಳ್ಳಿ. ಜಿಲ್ಲೆಯ ಮಟ್ಟದಲ್ಲಿ ನಬಾರ್ಡ್ ಪ್ರತಿ ಜಿಲ್ಲೆಗೂ ಮಾಡುವ ಸಾಲ ಯೋಜನೆಯ ಪಿಡಿಎಫ್ ಇದೆ, ಯಾವ ಬೆಳೆ, ಯಾವ ಸೌಕರ್ಯ ಎಲ್ಲಿದೆ ಎಂಬುದಕ್ಕೆ ಅದು ಸಾಕು. ಕೃಷಿ ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಕೃಷಿಕೋಶದಲ್ಲಿ ಧಾರವಾಡ ಕೃಷಿ ವಿವಿಯವರ ಪ್ರಬಂಧಗಳಿವೆ, ಮೆಣಸಿನಕಾಯಿ ಮಾರಾಟದ ಹಂತಹಂತದ ಖರ್ಚನ್ನು ಪೈಸೆ ಬಿಡದೆ ಕಟ್ಟಿಟ್ಟ ಎಂಎಸ್ಸಿ ಮಕ್ಕಳ ಶ್ರಮ ಅಲ್ಲಿ ಧೂಳು ತಿನ್ನುತ್ತಿದೆ.

ಗೂಗಲ್ ಟ್ರೆಂಡ್ಸ್ ತೋರಿಸುವುದು ಹುಡುಕಿದವರ ಸಂಖ್ಯೆಯಲ್ಲ, 0ಯಿಂದ 100ರ ನಡುವಿನ ಹೋಲಿಕೆ ಮಾತ್ರ. ಯಾವ ತಿಂಗಳು ಏರುತ್ತದೆ ಅಂತ ನೋಡಲು ಸರಿ. ಮೆಟಾದ ಆ್ಯಡ್ ಲೈಬ್ರರಿಯಲ್ಲಿ ಪ್ರತಿಸ್ಪರ್ಧಿಯ ಹೆಸರು ಹಾಕಿ: ಈಗ ಓಡುತ್ತಿರುವ ಜಾಹೀರಾತು, ಅದು ಶುರುವಾದ ದಿನ ಎರಡೂ ಕಾಣುತ್ತವೆ. ತಿಂಗಳುಗಟ್ಟಲೆ ಓಡಿಸುತ್ತಿದ್ದಾರೆ ಅಂದರೆ ಅದರಿಂದ ವ್ಯಾಪಾರ ಬರುತ್ತಿರಬೇಕು. ಎಐಗಳನ್ನು ಸರ್ಕಾರಿ ಪಿಡಿಎಫ್ ಅರ್ಥಮಾಡಿಕೊಳ್ಳಲು ಬಳಸಿ, ಅಂಕಿ ಕೇಳಲು ಬೇಡ.

ಹೆಸರು ಇಡುವ ಮೊದಲು ಐಪಿ ಇಂಡಿಯಾ ವೆಬ್‌ಸೈಟಿನಲ್ಲಿ ಟ್ರೇಡ್‌ಮಾರ್ಕ್ ಹುಡುಕಿ. ಮಸಾಲೆಗೆ 30ನೇ ವರ್ಗ. ಅಕ್ಷರ ಹುಡುಕಾಟದ ಜತೆ ಉಚ್ಚಾರಣೆಯ ಹುಡುಕಾಟವನ್ನೂ ಮಾಡಿ, ಏಕೆಂದರೆ "ರುಚಿ"ಯನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ. ಹುಡುಕಾಟ ಪುಕ್ಕಟೆ, ಅರ್ಜಿಗೆ ಸಣ್ಣ ಉದ್ದಿಮೆಗಳಿಗೆ ಆನ್‌ಲೈನ್‌ನಲ್ಲಿ 4,500 ರೂ. "ಬ್ಯಾಡಗಿ"ಯನ್ನೇ ಬ್ರ್ಯಾಂಡ್ ಮಾಡಿಕೊಳ್ಳಲು ಹೋಗಬೇಡಿ, 2011ರಿಂದ ಅದಕ್ಕೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇದೆ.

ಯಾವ ವೆಬ್‌ಸೈಟಿನಲ್ಲೂ ಸಿಗದ ಎರಡು ಸಂಗತಿಗಳಿಗೆ ಮಾತ್ರ ಅಂಗಡಿಗಳನ್ನು ಸುತ್ತಲೇಬೇಕು: ಎಷ್ಟು ದಿನದ ಉದ್ರಿ, ಮತ್ತು ಎಕ್ಸ್‌ಪೈರಿ ಆದ ಮಾಲನ್ನು ಯಾರು ವಾಪಸ್ ತಗೊಳ್ಳುತ್ತಾರೆ. ಸಂಜೆ ಗಿರಾಕಿ ಇರುವ ಹೊತ್ತಿಗೆ ಹೋಗಬೇಡಿ, ಮಧ್ಯಾಹ್ನ ಎರಡರ ನಂತರ ಹೋಗಿ. ನೂರಕ್ಕೆ ನಾಲ್ಕು ಪ್ಯಾಕೆಟ್ ವಾಪಸ್ ಬಂದರೂ ಮೇಲಿನ ಲೆಕ್ಕದ 85ರಲ್ಲಿ 17 ರೂಪಾಯಿ ಅಲ್ಲಿಗೇ ಹೋಯಿತು.