ಮೇಷ್ಟ್ರು ಕಳಿಸೋ ನಂಬರು

ಬೆಳಿಗ್ಗೆ ಎದ್ದು ವಾಟ್ಸಾಪ್ ತೆಗೆದ್ರೆ ಊರಿಗೆಲ್ಲ ಗುಲಾಬಿ ಹೂವು, ಶುಭೋದಯ, ಸುಭಾಷಿತ ಬಂದಿರತ್ತೆ, ನನಗೆ ಜೈನ ಶಾಸ್ತ್ರ ಹೇಳಿಕೊಡೋ ನಮ್ಮ ಮೇಷ್ಟ್ರಿಂದ ಬರೋದು ಬರೀ ನಂಬರು. "ದ್ರ.ಸಂ. 17" ಅಂತ ಒಂದೇ ಸಾಲು, ಹಿಂದಿಲ್ಲ ಮುಂದಿಲ್ಲ. ನಮ್ಮ ಮನೆಯವರು ಒಂದ್ಸಲ ಇಣುಕಿ ನೋಡಿ "ಇದೇನೇ, ಮಟ್ಕಾ ನಂಬರಾ?" ಅಂದಿದ್ರು.

ಮಟ್ಕಾ ಅಲ್ಲ, ದ್ರವ್ಯಸಂಗ್ರಹ ಅನ್ನೋ ಜೈನ ಗ್ರಂಥದ ಹದಿನೇಳನೇ ಗಾಹೆ, ಅಂದ್ರೆ ಪ್ರಾಕೃತ ಪದ್ಯ. ಹಿಂದಿನ ಸಂಜೆ ನಾನು ಕೇಳಿದ್ದಕ್ಕೆ ಉತ್ತರ, ಉತ್ತರ ಅನ್ನೋದಕ್ಕಿಂತ ಉತ್ತರ ಇರೋ ಜಾಗದ ಅಡ್ರೆಸ್ಸು ಅನ್ನಬೇಕು, ಹೋಗಿ ಹುಡುಕ್ಕೋಬೇಕಾದೋಳು ನಾನೇ. ಸಂಜೆ ಕೇಳಿದ್ದಕ್ಕೆ ಸಂಜೆನೇ ಉತ್ತರ ಬರಲ್ಲ, ಯಾಕಂದ್ರೆ ಹೊತ್ತು ಮುಳುಗೋದ್ರೊಳಗೆ ಮೇಷ್ಟ್ರ ಊಟ ಮುಗೀಬೇಕು, ಆಮೇಲೆ ಸಾಮಾಯಿಕ ಅನ್ನೋ ಧ್ಯಾನ, ಅದಾದ್ಮೇಲೆ ಫೋನು ಮುಟ್ಟಲ್ಲ. ಚಳಿಗಾಲದಲ್ಲಂತೂ ನಾನು ಆಫೀಸಿಂದ ಬರೋಷ್ಟ್ರಲ್ಲಿ ಅವರ ಊಟ ಆಗಿ ತಟ್ಟೆ ತೊಳೆದಾಗಿರತ್ತೆ.

ನನಗೆ ಈ ಹುಚ್ಚು ಹತ್ತಿಸಿದ್ದು ಪಂಪ. ಆದಿಪುರಾಣದಲ್ಲಿ ವಜ್ರಜಂಘ ಶ್ರೀಮತಿಯರು ಧೂಪದ ಹೊಗೆ ತುಂಬಿಕೊಂಡು ಮಲಗಿದಲ್ಲೇ ಸಾಯ್ತಾರಲ್ಲ, ಕಾಲೇಜಲ್ಲಿ ಅದನ್ನ ಓದಿ ಅತ್ತೋರಲ್ಲಿ ನಾನೂ ಒಬ್ಬಳು, ಆದ್ರೆ ಸತ್ತ ಮೇಲೂ ಕತೆ ನಿಲ್ಲದೆ ಭವದಿಂದ ಭವಕ್ಕೆ ಹೋಗ್ತಾ ಕೊನೆಗೆ ಅದೇ ಜೀವ ಮೊದಲ ತೀರ್ಥಂಕರ ಆದಿನಾಥ ಆಗತ್ತೆ ಅನ್ನೋವಾಗ, ಆ ಜೀವದ ಜೊತೆ ಅಲ್ಲಿಂದಿಲ್ಲಿಗೆ ಹೋಗಿದ್ದು ಏನು, ಅಂಟಿಕೊಂಡಿದ್ದು ಏನು, ಉದುರಿದ್ದು ಏನು ಅಂತ ಕ್ಲಾಸಲ್ಲಿ ಯಾರೂ ಹೇಳ್ಲಿಲ್ಲ. ಕರ್ಮ ಅಂದ್ರೆ ನಾವು ಹಣೆಬರಹ ಅಂದ್ಕೊಂಡು ಸುಮ್ಮನಾಗಿಬಿಡ್ತೀವಿ. ಜೈನರಲ್ಲಿ ಅದು ಪುದ್ಗಲ, ಅಂದ್ರೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಜಡವಸ್ತು, ಒಳಗೆ ಹರಿದು ಬರತ್ತೆ, ಕಟ್ಟಿಕೊಳ್ಳತ್ತೆ, ತಡೆದ್ರೆ ನಿಲ್ಲತ್ತೆ, ತಪಸ್ಸಿಗೆ ಉದುರತ್ತೆ. ಆಸ್ರವ, ಬಂಧ, ಸಂವರ, ನಿರ್ಜರ. ಇಷ್ಟು ಗೊತ್ತಿಲ್ಲದೆ ಪಂಪನ್ನ ಓದಿದ್ರೆ ಅರ್ಧ ಪಂಪ ಸಿಗ್ತಾನೆ ಅಷ್ಟೇ, ಇದು ನನ್ನ ಅಭಿಪ್ರಾಯ, ಕನ್ನಡ ಎಂಎ ಮಾಡಿದೋರು ಜಗಳಕ್ಕೆ ಬಂದ್ರೆ ಬರ್ಲಿ.

ಮೊದಲನೇ ಸಲ ಮೇಷ್ಟ್ರ ಮನೆಗೆ ಹೋದಾಗ ನನ್ನ ಬ್ಯಾಗಲ್ಲಿ ಗೊಮ್ಮಟಸಾರದ ಕರ್ಮಕಾಂಡ ಇತ್ತು, ಚಾವುಂಡರಾಯನ ಗುರು ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿ ಬರೆದಿದ್ದು. ಕರ್ಮದ ಮೂಲ ಪ್ರಕೃತಿ, ಅಂದ್ರೆ ಮುಖ್ಯ ಬಗೆ, 8, ಅದರೊಳಗಿನ ಉತ್ತರ ಪ್ರಕೃತಿ 148, ಯಾವುದು ಯಾವ ಗುಣಸ್ಥಾನದಲ್ಲಿ, ಅಂದ್ರೆ ಜೀವ ಮೇಲೇರೋ ಯಾವ ಮೆಟ್ಟಿಲಲ್ಲಿ, ಕಟ್ಟತ್ತೆ ಯಾವುದರಲ್ಲಿ ಬಿಡತ್ತೆ ಅನ್ನೋ ಲೆಕ್ಕ, ಬ್ಯಾಂಕಿನೋರಿಗೂ ತಲೆ ಸುತ್ತು ಬರಬೇಕು. ಅವರು ಪುಸ್ತಕನ ಕಣ್ಣಿಗೆ ಒತ್ತಿಕೊಂಡು ವಾಪಸ್ ಕೊಟ್ಟು "ಇದು ಬೀರುಲಿ ಇರ್ಲಿ ಬಿಡಮ್ಮಾ" ಅಂದು, ಒಂದು ತೆಳ್ಳನೆ ದ್ರವ್ಯಸಂಗ್ರಹ ಕೈಗಿಟ್ರು. 58 ಗಾಹೆ, ಅಷ್ಟೇ. "ಬೆಳಗೊಳದ ಗೊಮ್ಮಟ 58 ಅಡಿ, ಅಡಿಗೊಂದು ಗಾಹೆ ಅನ್ಕೋ, ಒಂದಕ್ಕೊಂದು ಸಂಬಂಧ ಏನೂ ಇಲ್ಲ, ನೆನಪಿರ್ಲಿ ಅಂತ ಹೇಳ್ದೆ." ಏನು ಓದಬೇಕು ಅಂತ ಹೇಳೋರು ಸಾವಿರ ಜನ ಸಿಗ್ತಾರೆ, ಏನನ್ನ ಸದ್ಯಕ್ಕೆ ಓದಬಾರದು ಅಂತ ಹೇಳೋರು ಸಿಗೋದು ಕಷ್ಟ. ಗೂಗಲ್‌ಗಂತೂ ಅದು ಬರೋದೇ ಇಲ್ಲ, ಕೇಳಿದ್ರೆ ಎಲ್ಲಾನೂ ಒಟ್ಟಿಗೆ ತಂದು ಸುರಿಯತ್ತೆ.

ಆ ಹದಿನೇಳನೇ ಗಾಹೆ ಇರೋದು ಧರ್ಮದ್ರವ್ಯದ ಬಗ್ಗೆ. ಜೀವಕ್ಕೆ ಪುದ್ಗಲಕ್ಕೆ ಚಲಿಸೋಕೆ ಸಹಾಯ ಮಾಡೋ ದ್ರವ್ಯ, ಮೀನಿಗೆ ನೀರಿದ್ದ ಹಾಗೆ. ಈಜೋ ಮೀನಿಗೆ ಒದಗತ್ತೆ, ಸುಮ್ಮನೆ ನಿಂತಿರೋ ಮೀನನ್ನ ತಳ್ಳಲ್ಲ. ಮುಂದಿನ ಗಾಹೇಲಿ ಅಧರ್ಮದ್ರವ್ಯ, ದಾರಿಹೋಕನಿಗೆ ಮರದ ನೆರಳಿದ್ದ ಹಾಗೆ, ನಿಲ್ಲೋನಿಗೆ ಆಸರೆ, ಹೋಗೋನನ್ನ ಹಿಡಿದು ನಿಲ್ಲಿಸಲ್ಲ. ಎಷ್ಟು ಚೆನ್ನಾಗಿದೆ ನೋಡಿ! ಖುಷಿಗೆ ಫೋನ್ ಮಾಡಿ "ಸರ್, ನೀವೂ ಹೀಗೇ ಅಲ್ವಾ, ತಳ್ಳಲ್ಲ, ಆದ್ರೆ ನೀವಿಲ್ದೆ ಈಜೋಕಾಗಲ್ಲ" ಅಂದ್ರೆ ಆ ಕಡೆಯಿಂದ "ಧರ್ಮದ್ರವ್ಯ ಅಚೇತನ ಕಣಮ್ಮಾ, ನಾನಿನ್ನೂ ಬದುಕಿದ್ದೀನಿ" ಅಂತ ಬಂತು.

ಇಷ್ಟು ಸಲೀಸಾಗಿ ಒಬ್ಬರು ಕೊಡ್ತಾರಲ್ಲ ಅನ್ನೋದೇ ನನಗೆ ದೊಡ್ಡದು. ಮೂಡಬಿದಿರೆ ಸಿದ್ಧಾಂತ ಬಸದೀಲಿ ಧವಲಾ ತಾಡವೋಲೆ ಇದ್ವಲ್ಲ, ಷಟ್ಖಂಡಾಗಮ ಅನ್ನೋ ಹಳೇ ಜೈನ ಆಗಮಕ್ಕೆ ವೀರಸೇನಾಚಾರ್ಯರ ಟೀಕೆ, ಅಂದ್ರೆ ವ್ಯಾಖ್ಯಾನ, ಭಾಷೆ ಪ್ರಾಕೃತ ಸಂಸ್ಕೃತ, ಲಿಪಿ ನಮ್ಮ ಹಳಗನ್ನಡದ್ದು, ಅವನ್ನ ಜನ ಬಹಳ ಕಾಲ ಕೈಮುಗಿದು ದರ್ಶನ ಮಾಡ್ತಿದ್ದರೇ ಹೊರತು ಓದೋಕೆ ಸಿಗ್ತಿರಲಿಲ್ಲ. ಪ್ರತಿ ಮಾಡಿಸಿ, ಹೊರಗೆ ತಂದು, ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾಗಿದ್ದು 1939ರಲ್ಲಿ, ಒಟ್ಟು 16 ಸಂಪುಟ. ನಮ್ಮ ಸದಲಗಾದ ವಿದ್ವಾಂಸ ಆ.ನೇ. ಉಪಾಧ್ಯೆ ಅವರೂ ಆ ಕೆಲಸದಲ್ಲಿ ಕೈಜೋಡಿಸಿದ್ರು. ಅಷ್ಟು ಜನ ಅಷ್ಟು ವರ್ಷ ಒದ್ದಾಡಿ ಹೊರಗೆ ತಂದಿದ್ದನ್ನ ನಾನು ಬಸ್ಸಲ್ಲಿ ನಿಂತ್ಕೊಂಡು ಮೊಬೈಲಲ್ಲಿ ಓದ್ತೀನಿ, ಪದ ಬಿಡಿಸೋಕೆ ಬರದಿದ್ರೆ ಫೋಟೋ ತೆಗೆದು ಕಳಿಸ್ತೀನಿ, ಬೆಳಿಗ್ಗೆ ನಂಬರು ಬರತ್ತೆ.

ತತ್ತ್ವಾರ್ಥಸೂತ್ರ ಅನ್ನೋ ಜೈನ ಸೂತ್ರಗ್ರಂಥದ ಶುರುವಲ್ಲೇ ಇದೆ, ಸಮ್ಯಗ್ದರ್ಶನ, ಅಂದ್ರೆ ತತ್ತ್ವದಲ್ಲಿ ಸರಿಯಾದ ಶ್ರದ್ಧೆ, ಕೆಲವರಿಗೆ ನಿಸರ್ಗದಿಂದ, ಕೆಲವರಿಗೆ ಅಧಿಗಮದಿಂದ, ಅಂದ್ರೆ ತಾನಾಗೇ ಆಗೋದು ಒಂದು, ಇನ್ನೊಬ್ಬರು ಹೇಳಿಕೊಟ್ಟು ಆಗೋದು ಒಂದು. ನಂದು ಎರಡನೇ ಜಾತಿ, ದರ್ಶನದ ಮಾತಿರಲಿ, ಪದಚ್ಛೇದವೇ ತಾನಾಗಿ ಆಗಲ್ಲ.

ಯುಗಾದಿಗೆ ಒಂದು ಉದ್ದನೆ ಮೆಸೇಜು ಬರೆದು, ನಿಮ್ಮ ಋಣ ಹೇಗೆ ತೀರಿಸಲಿ ಅಂತೆಲ್ಲ ಸೇರಿಸಿ ಕಳಿಸಿದೆ. ಉತ್ತರ: "ತ.ಸೂ. 5-21". ಪರಸ್ಪರೋಪಗ್ರಹೋ ಜೀವಾನಾಮ್, ಜೀವಗಳು ಒಂದಕ್ಕೊಂದು ಆಗಿಬರತ್ತೆ. ಜೈನ ಲಾಂಛನದ ಕೆಳಗೆ ಬರೆದಿರತ್ತಲ್ಲ ಅದೇ. ನಾನು ಕಣ್ಣು ಒದ್ದೆ ಮಾಡ್ಕೊಂಡು ಕೂತಿದ್ರೆ, ಹಿಂದೇನೇ ಒಂದು ಪೆನ್‌ಡ್ರೈವ್ ಬಂತು, ಅವರ ಮೊಮ್ಮಗನ ಕೈಲಿ. ಯೂನಿಕೋಡ್ ಬರೋಕೆ ಮುಂಚಿನ ಫಾಂಟಲ್ಲಿ ಟೈಪ್ ಮಾಡಿಸಿದ ಅವರ ಪಾಠದ ಟಿಪ್ಪಣಿಗಳು, ಅದನ್ನೆಲ್ಲ ಯೂನಿಕೋಡ್‌ಗೆ ಮಾಡ್ಕೊಡಬೇಕಂತೆ.

ಈಗ ಸಪ್ತಭಂಗಿ ಫೈಲು ತೆಗೆದಿದ್ದೀನಿ, ಯಾವುದನ್ನೇ ಆಗಲಿ ಇದೆ, ಇಲ್ಲ ಅಂತ ಏಳು ಭಂಗದಲ್ಲಿ, ಅಂದ್ರೆ ಏಳು ಬಗೆಯಲ್ಲಿ, ಹೇಳೋ ಜೈನ ತರ್ಕ. ಅವರ ಹಳೇ ಕಂಪ್ಯೂಟರಲ್ಲಿ ಅದು ಅಸ್ತಿ. ನನ್ನ ಲ್ಯಾಪ್‌ಟಾಪಲ್ಲಿ ನಾಸ್ತಿ, ಬರೀ ಚೌಕ ಚೌಕ. ಒಂದಾದ ಮೇಲೊಂದು ನೋಡಿದ್ರೆ ಅಸ್ತಿ-ನಾಸ್ತಿ. ಕನ್ವರ್ಟರ್‌ಗೆ ಹಾಕಿದ್ರೆ ಒತ್ತಕ್ಷರ ಎಲ್ಲ ಎಲ್ಲೆಲ್ಲೋ ಹೋಗಿ ಕೂತ್ಕೊಂಡು ಏನಂತ ಹೇಳೋಕೇ ಬರದ ಸ್ಥಿತಿ, ಅದೇ ಅವಕ್ತವ್ಯ. ಇದನ್ನೆಲ್ಲ ವಿವರವಾಗಿ ಬರೆದು ಕಳಿಸಿದ್ದಕ್ಕೆ, ಪಾಪ, ನಂಬರು ಬಿಟ್ಟು ಫೋನೇ ಮಾಡಿದ್ರು. "ನಾಲ್ಕು ಭಂಗ ಸರಿಯಾಗಿ ಬಂದಿದೆ, ಇನ್ನು ಮೂರು ಇದೆ. ಅದಿರ್ಲಿ, ಪ್ರೂಫು ಯಾವಾಗ ಕೊಡ್ತೀಯಮ್ಮಾ?"