ಪಾಚಿಯ ಮಿಲನದಲ್ಲಿ ಪ್ರೋಟೀನ್‌ಗಳು ತೇಲಿಕೊಂಡು ಹೋಗುವುದಿಲ್ಲ

‘ಪಾಚಿಯ ಎರಡು ಕೋಶಗಳು ನೀರಿನಲ್ಲಿ ಢಿಕ್ಕಿಯಾಗಿ ಬೆರೆಯುತ್ತವೆ, ಬೇಕಾದ ಪ್ರೋಟೀನ್‌ಗಳು ಒಳಗೆ ಹೇಗೋ ತೇಲಿ ಸ್ಥಳ ಸೇರುತ್ತವೆ’ ಎಂಬ ವಿವರಣೆ ಹರಿದಾಡುತ್ತಿದೆ. ಹೆಚ್ಚು ಅಧ್ಯಯನಗೊಂಡ ಕ್ಲಾಮಿಡೊಮೊನಾಸ್ ಪಾಚಿಯ ಮಟ್ಟಿಗೆ ಇದು ತಪ್ಪು.

ಸಾರಜನಕದ ಕೊರತೆಯಾದಾಗ ಈ ಏಕಕೋಶ ಜೀವಿ ಲಿಂಗಾಣು, ಅಂದರೆ ಮಿಲನಕ್ಕೆ ಸಿದ್ಧವಾದ ಕೋಶವಾಗುತ್ತದೆ. ಗಂಡು, ಹೆಣ್ಣು ಎನ್ನುವಂತಿಲ್ಲ. ನೋಡಲು ಎರಡೂ ಒಂದೇ, ಹಾಗಾಗಿ ಧನ, ಋಣ ಎಂದು ಕರೆಯುತ್ತಾರೆ. ಮೊದಲು ತಾಗುವುದು ಕೋಶದ ಒಡಲಲ್ಲ, ಈಜಲು ನೆರವಾಗುವ ಚಾವಟಿಯಂಥ ಕಶಾಂಗಗಳು. ಧನ ಲಿಂಗಾಣುವಿನಲ್ಲಿ ಅಂಟಿಗೆ ಬೇಕಾದ ಎಸ್‌ಎಜಿ1 ಪ್ರೋಟೀನಿನ ಬಹುಪಾಲು ಆರಂಭದಲ್ಲಿ ಕಶಾಂಗದಲ್ಲಿ ಇರುವುದೇ ಇಲ್ಲ, ಒಡಲಿನ ಪೊರೆಯಲ್ಲಿ ಹರಡಿರುತ್ತದೆ. ಕಶಾಂಗದಲ್ಲಿರುವ ಅಲ್ಪಸ್ವಲ್ಪವೇ ಮೊದಲ ಹಿಡಿತಕ್ಕೆ ಸಾಕು. ಹಿಡಿತ ಸಿಕ್ಕೊಡನೆ ಒಳಗೆ ಸಂಕೇತ ಮೊಳಗುತ್ತದೆ, ಉಳಿದ ಎಸ್‌ಎಜಿ1 ಕಶಾಂಗದ ಬುಡದತ್ತ ಧಾವಿಸಿ ಒಳಗೆ ನುಗ್ಗುತ್ತದೆ. ಈ ಓಟಕ್ಕೆ ಕೋಶದೊಳಗಿನ ಸೂಕ್ಷ್ಮನಾಳಗಳು, ಅಂದರೆ ಪ್ರೋಟೀನಿನ ತೆಳು ಕೊಳವೆಗಳು, ನೆರವಾಗುತ್ತವೆ. ಆದರೆ ಕಶಾಂಗದ ನಿತ್ಯದ ಸರಕು ಸಾಗಣೆ ವ್ಯವಸ್ಥೆ ಇದಕ್ಕೆ ಬೇಕಿಲ್ಲ! ನನಗೆ ಇಡೀ ಕಥೆಯಲ್ಲಿ ಅತಿ ಕುತೂಹಲದ ತಿರುವು ಇದೇ.

ಬಳಿಕ ಕೋಶಭಿತ್ತಿ ಕಳಚುತ್ತದೆ. ಧನ ಕೋಶದ ತುದಿಯಲ್ಲಿ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳು ತುಂಬಿದ ಪುಟ್ಟ ನಳಿಕೆ ಚಾಚಿಕೊಳ್ಳುತ್ತದೆ. ಅದರ ಮೇಲಿನ ಎಫ್‌ಯುಎಸ್1 ಪ್ರೋಟೀನ್ ಎದುರಿನ ಕೋಶವನ್ನು ಹಿಡಿಯುತ್ತದೆ, ಋಣ ಕೋಶದ ಎಚ್‌ಎಪಿ2 ಪ್ರೋಟೀನ್ ಎರಡೂ ಕೋಶಗಳ ಪೊರೆಗಳನ್ನು ಬೆಸೆಯುತ್ತದೆ. ಬೆಸುಗೆಯಾದೊಡನೆ ಈ ಎರಡೂ ಪ್ರೋಟೀನ್‌ಗಳು ಬೇಗನೆ ನಾಶವಾಗುತ್ತವೆ. ಮೂರನೆಯ ಕೋಶ ಬಂದು ಬೆರೆಯುವಂತಿಲ್ಲ. ನಾಲ್ಕು ಕಶಾಂಗಗಳ ಜೋಡಿಕೋಶ ಈಜುತ್ತಾ ಹೊರಡುತ್ತದೆ.