ಎರಡನೇ ಸ್ಪೇಸು

"ಎರಡು ಸ್ಪೇಸ್ ಹೀಗೆ ಹಾಕಲು ಬರುವುದಿಲ್ಲ. ದಯವಿಟ್ಟು ಟ್ಯುಟೋರಿಯಲ್ ಓದಿ." ಪರದೆಯ ತಳದಲ್ಲಿ, ಸಣ್ಣ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ ಈ ಮಾತು ಬರುತ್ತದೆ. ಬೈಗುಳವೇನಲ್ಲ. ಆದರೆ ಜೀವಮಾನವಿಡೀ ಕಾಲೇಜು ಹುಡುಗರಿಗೆ "ಓದ್ಕೊಂಡು ಬನ್ರಪ್ಪಾ" ಅಂತ ಹೇಳಿದ ಗಣಿತದ ಮೇಷ್ಟ್ರಿಗೆ, ರಿಟೈರ್ ಆದಮೇಲೆ ಒಂದು ಸಾಫ್ಟ್‌ವೇರ್ ಇದೇ ಮಾತು ಹೇಳಿದರೆ ಹೇಗಿರಬೇಡ.

ಆ ಸಾಫ್ಟ್‌ವೇರ್ ಹೆಸರು ಲಿಕ್ಸ್ (LyX), ಬರೆದದ್ದನ್ನು ಅಚ್ಚಿಗೆ ಸಿದ್ಧ ಮಾಡಿಕೊಡುವಂಥದ್ದು. ನನ್ನ ಹಳೇ ನೋಟ್ಸುಗಳನ್ನು ಅಚ್ಚುಕಟ್ಟು ಮಾಡೋಣ ಅಂತ ಹೊರಟಾಗ ಮಗಳು ಹಾಕಿಕೊಟ್ಟಳು. ದುಡ್ಡಿಲ್ಲ, ಸಮೀಕರಣ ಚೆಂದ ಬರುತ್ತದೆ, ಅಷ್ಟು ಸಾಕಿತ್ತು. ಸ್ಪೇಸ್ ಬಾರ್ ವಿಷಯ ಅವಳು ಹೇಳಲಿಲ್ಲ. ಅವಳಿಗೆ ಅದು ತೊಂದರೆ ಅಂತ ಅನ್ನಿಸಿಯೇ ಇರಲಿಲ್ಲ, ಯಾಕೆಂದರೆ ಅವಳು ಟೈಪಿಂಗ್ ಕ್ಲಾಸಿಗೆ ಹೋದವಳಲ್ಲ.

ನಾನು ಹೋಗಿದ್ದೆ. ಎಸ್ಸೆಸ್ಸೆಲ್ಸಿ ಮುಗಿದ ಬೇಸಿಗೆ ರಜೆಯಲ್ಲಿ ನಮ್ಮ ಕಾಲದ ಹುಡುಗರನ್ನೆಲ್ಲ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಅಟ್ಟುತ್ತಿದ್ದರು. ಏನೂ ಆಗದಿದ್ದರೂ ಗುಮಾಸ್ತನಾದರೂ ಆಗಲಿ ಅಂತ. ಅಲ್ಲಿ ಕಲಿತದ್ದರಲ್ಲಿ ಅಕ್ಷರಕ್ಕಿಂತ ಖಾಲಿ ಜಾಗದ ಪಾಠವೇ ಜಾಸ್ತಿ. ಕಾಮಾ ಆದಮೇಲೆ ಒಂದು ಸ್ಪೇಸು, ಫುಲ್‌ಸ್ಟಾಪ್ ಆದಮೇಲೆ ಎರಡು, ಹೊಸ ಪ್ಯಾರಾಕ್ಕೆ ಐದು. ತಲೆಬರಹ ನಡುವೆ ಬರಬೇಕಾದರೆ ಅಕ್ಷರಗಳನ್ನು ಎಣಿಸಿ, ಅರ್ಧ ಮಾಡಿ, ಹಾಳೆಯ ನಡುವಿನಿಂದ ಅಷ್ಟು ಸಲ ಹಿಂದಕ್ಕೆ ಬರಬೇಕು. ಮೇಷ್ಟ್ರು ಬೆನ್ನ ಹಿಂದೆ ಫೂಟ್ ರೂಲ್ ಹಿಡಿದು ಓಡಾಡುತ್ತಿದ್ದರು, ಹಾಳೆ ನೋಡುತ್ತಲೇ ಇರಲಿಲ್ಲ, ಸದ್ದು ಕೇಳಿಯೇ "ಏಯ್, ಒಂದು ಸ್ಪೇಸ್ ನುಂಗಿದೆಯಲ್ಲೋ" ಅನ್ನುತ್ತಿದ್ದರು. ಆ ಹೆದರಿಕೆ ಹೆಬ್ಬೆರಳಿನಲ್ಲಿ ಇವತ್ತಿಗೂ ಇದೆ. ಈಗಂತೂ ಯೋಚನೆ ಮಾಡುವಾಗಲೂ ಅದು ಸುಮ್ನೆ ಟಕ್ ಟಕ್ ಅಂತ ಎರಡು ಸಲ ತಟ್ಟುತ್ತದೆ.

ಲಿಕ್ಸ್ ಇದಕ್ಕೆಲ್ಲ ಜಗ್ಗುವುದಿಲ್ಲ. ಎರಡನೇ ಸ್ಪೇಸ್ ಒತ್ತಿದರೆ ಕರ್ಸರ್ ಅಲ್ಲಾಡುವುದಿಲ್ಲ. ಪ್ಯಾರಾದ ಮೊದಲಿಗೆ ಸ್ಪೇಸ್ ಒತ್ತಿದರೂ ಇಲ್ಲ. ಎಂಟರ್ ಮೇಲೆ ಎಂಟರ್ ಒತ್ತಿ ಜಾಗ ಬಿಡೋಣ ಅಂದರೆ ಅದೂ ಇಲ್ಲ. ತಲೆಬರಹವನ್ನು ದೊಡ್ಡದು ಮಾಡಲು, ದಪ್ಪ ಮಾಡಲು ಒದ್ದಾಡಬೇಕಿಲ್ಲ, ಮೇಲಿನ ಪಟ್ಟಿಯಿಂದ "ಇದು ಸೆಕ್ಷನ್" ಅಂತ ಆರಿಸಿದರೆ ಮುಗಿಯಿತು, ಮಿಕ್ಕಿದ್ದು ಅದರ ಕೆಲಸ. ಮದುವೆ ಮನೆಯ ಅಡುಗೆ ಭಟ್ಟರ ಹಾಗೆ. "ಮುನ್ನೂರು ಜನ, ಎರಡು ಸಿಹಿ" ಅಂತ ಹೇಳಿ ಈಚೆ ಬರಬೇಕು. ಉಪ್ಪು ಎಷ್ಟು ಹಾಕಬೇಕು ಅಂತ ಹೇಳೋಕೆ ಹೋದಿರೋ, ಸೌಟು ಕೆಳಗಿಟ್ಟುಬಿಡುತ್ತಾರೆ.

ಲಿಕ್ಸನ್ನು ಮೊದಲು ಮಾಡಿದವನು ಒಬ್ಬ ವಿದ್ಯಾರ್ಥಿ. ಜರ್ಮನಿಯ ಮಥಿಯಾಸ್ ಎಟ್ರಿಚ್, 1995ರಲ್ಲಿ. ಅದರ ಹೊಟ್ಟೆಯೊಳಗೆ ಕೂತು ನಿಜವಾದ ಅಚ್ಚಿನ ಕೆಲಸ ಮಾಡುವುದು ಮಾತ್ರ ಅದಕ್ಕಿಂತ ಹಳೆಯ ಟೆಕ್ (TeX) ಅನ್ನುವ ಪ್ರೋಗ್ರಾಮ್, ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್ ಅವರದು. 1977ರಲ್ಲಿ ತಮ್ಮದೇ ಪುಸ್ತಕದ ಹೊಸ ಆವೃತ್ತಿಯ ಪ್ರೂಫ್ ನೋಡಿ, ಗಣಿತ ಇಷ್ಟು ಕೆಟ್ಟದಾಗಿ ಕಾಣುತ್ತಲ್ಲ ಅಂತ ಬೇಸರವಾಗಿ, ಬರೆಯುವುದನ್ನು ಬದಿಗಿಟ್ಟು ಅಚ್ಚು ಹಾಕುವ ಪ್ರೋಗ್ರಾಮ್ ಬರೆಯಲು ಕೂತರು. ಬೇಗ ಮುಗಿಸಿಬಿಡುತ್ತೇನೆ ಅಂದುಕೊಂಡಿದ್ದು ಸುಮಾರು ಹತ್ತು ವರ್ಷ ಹಿಡಿಯಿತು. ನಮ್ಮ ಮನೆಯ ಮಹಡಿ ಕಟ್ಟಿಸುವಾಗ ನನಗೆ ಇವರ ನೆನಪಾಗಿ ಸಮಾಧಾನ ಆಗಿತ್ತು. ಟೆಕ್‌ನ ಆವೃತ್ತಿ ಸಂಖ್ಯೆ ಒಂದೊಂದು ತಿದ್ದುಪಡಿಗೂ 3.14, 3.141 ಅಂತ ಪೈ ಕಡೆಗೆ ಒಂದೊಂದು ಅಂಕಿ ಮುಂದೆ ಹೋಗುತ್ತದೆ. ಗಣಿತದವರ ತಮಾಷೆ, ನನಗೆ ಬಹಳ ಇಷ್ಟ.

ಸೂತ್ರದೊಳಗೆ ಹೋದರೆ ಸ್ಪೇಸಿಗೆ ಬೇರೆಯೇ ಕೆಲಸ. ಕಂಟ್ರೋಲ್ ಎಂ ಒತ್ತಿದರೆ ಒಂದು ಪುಟ್ಟ ಚೌಕ ಬರುತ್ತದೆ, ಅದರೊಳಗೆ ಎಕ್ಸ್ ಬರೆದು ಟೊಪ್ಪಿ ಗುರುತು (^) ಒತ್ತಿದರೆ ಕರ್ಸರ್ ಘಾತದ ಜಾಗಕ್ಕೆ ಹತ್ತುತ್ತದೆ. ಎರಡು ಬರೆದ ಮೇಲೆ ಕೆಳಗೆ ಇಳಿಯಬೇಕಲ್ಲ? ಇಳಿಯುವುದಕ್ಕೆ ಸ್ಪೇಸ್! ಎರಡನೇ ಸ್ಪೇಸ್ ಬೇಡ ಅಂತ ಅಷ್ಟು ಕಟ್ಟುನಿಟ್ಟು ಮಾಡಿದ್ದ ಕೀಲಿ ಇಲ್ಲಿ ಏಣಿ. ಮೊದಲ ದಿನ ನಾನು ಮರೆತು ಒಂದು ವರ್ಗ ಸಮೀಕರಣವನ್ನು ಇಡಿಯಾಗಿ ಅಟ್ಟಕ್ಕೆ ಏರಿಸಿಬಿಟ್ಟೆ. ಕೆಳಗೆ ಒಂದೇ ಒಂದು ಎಕ್ಸ್, ಮೇಲೆ ಉಳಿದವರೆಲ್ಲ, ಸೊನ್ನೆಯ ಸಮೇತ. ಮರುದಿನ ಹುಷಾರಾಗಿ ಏಣಿ ಇಳಿಯಲು ಹೋಗಿ ಹೆಬ್ಬೆರಳು ಅಭ್ಯಾಸದಂತೆ ಎರಡು ಸಲ ತಟ್ಟಿತು, ಏಣಿಯನ್ನೂ ಇಳಿದು ಮನೆಯಿಂದಲೇ ಆಚೆ, ಸೂತ್ರದ ಹೊರಗೆ.

ಮತ್ತೆ ತ್ರಿಕೋನಮಿತಿಯ ಆ ಸೈನ್. ಸುಮ್ನೆ ಎಸ್ ಐ ಎನ್ ಅಂತ ಹೊಡೆದರೆ ಅದು ಮೂರು ಅಕ್ಷರಗಳ ಗುಣಾಕಾರ ಅಂದುಕೊಂಡು ಮೂರನ್ನೂ ಓರೆ ಮಾಡುತ್ತದೆ. ಅದಕ್ಕೂ ಮೊದಲು ಒಂದು ಓರೆಗೆರೆ (\) ಹಾಕಿದರೆ ಮಾತ್ರ ನೆಟ್ಟಗೆ ನಿಲ್ಲುತ್ತದೆ. ಇದರಲ್ಲಿ ತಪ್ಪು ಹುಡುಕೋಕೆ ಆಗಲ್ಲ. ಸೈನ್ ಎಕ್ಸ್ ಭಾಗಿಸು ಎನ್ ಅಂತ ಕೊಟ್ಟರೆ ಎನ್‌ಗೆ ಎನ್ ಹೊಡೆದು, ಉಳಿದದ್ದು ಎಸ್ ಐ ಎಕ್ಸ್, ಅಂದರೆ ಆರು ಅಂತ ಉತ್ತರ ಬರೆದು ತಂದವರನ್ನು ನಾನೇ ನೋಡಿದ್ದೇನೆ.

ಈ ಖಾಲಿ ಜಾಗಕ್ಕೆ ಟೆಕ್‌ನವರು ಇಟ್ಟಿರುವ ಹೆಸರು ಗೊತ್ತಾ? ಗ್ಲೂ. ಅಂಟು! ಪದದ ನಡುವೆ ಇರುವುದು ಬಯಲಲ್ಲ, ಎಳೆದರೆ ಹಿಗ್ಗುವ, ಅದುಮಿದರೆ ಕುಗ್ಗುವ ಒಂದು ವಸ್ತು. ಸಾಲನ್ನು ಎಲ್ಲಿ ಮುರಿಯಬೇಕು ಅಂತ ನೋಡುವಾಗ ಅದು ಒಂದು ಸಾಲನ್ನಲ್ಲ, ಇಡೀ ಪ್ಯಾರಾವನ್ನು ತೂಗಿ ನೋಡಿ ಅಂಟನ್ನು ಹಂಚುತ್ತದೆ. ಅಂಥದ್ದರ ನಡುವೆ ನಾನು ಹೋಗಿ ಎರಡೆರಡು ಸ್ಪೇಸ್ ತುರುಕಿದರೆ ಸಿಟ್ಟು ಬರದೇ ಇರುತ್ತದಾ.

ಇಷ್ಟೆಲ್ಲ ಒಪ್ಪಿಕೊಂಡು, ಎರಡನೇ ಸ್ಪೇಸಿನ ಆಸೆ ಬಿಟ್ಟು, ಮೊದಲ ಅಧ್ಯಾಯದ ಪಿಡಿಎಫ್ ತೆಗೆದು ಕನ್ನಡಕ ಏರಿಸಿ ನೋಡಿದೆ. ಫುಲ್‌ಸ್ಟಾಪ್ ಆದಮೇಲಿನ ಜಾಗ ಬೇರೆ ಕಡೆಗಿಂತ ಒಂಚೂರು ಜಾಸ್ತಿ ಇದೆ! ನನ್ನ ಕಣ್ಣಿನ ದೋಷ ಅಲ್ಲ. ವಾಕ್ಯ ಮುಗಿದ ಕಡೆ ಜಾಗ ಸ್ವಲ್ಪ ಹೆಚ್ಚು ಬಿಡುವುದು ಟೆಕ್‌ನ ಪದ್ಧತಿ. ನಮ್ಮ ಟೈಪಿಂಗ್ ಮೇಷ್ಟ್ರ ಪಾಠವನ್ನೇ ಅದು ಸದ್ದಿಲ್ಲದೆ ಮಾಡುತ್ತಿದೆ, ನನ್ನ ಕೈಯಲ್ಲಿ ಮಾಡಿಸುವುದಿಲ್ಲ ಅಷ್ಟೇ. ವಾಕ್ಯ ಮುಗಿದದ್ದು ಅದಕ್ಕೆ ಹೇಗೆ ಗೊತ್ತು ಅಂದರೆ, ಊಹೆ. ಇಂಗ್ಲಿಷಿನ ದೊಡ್ಡಕ್ಷರದ ಪಕ್ಕ ಚುಕ್ಕಿ ಇದ್ದರೆ ಯಾರದೋ ಇನಿಷಿಯಲ್, ಸಣ್ಣಕ್ಷರದ ಪಕ್ಕ ಇದ್ದರೆ ವಾಕ್ಯ ಮುಗಿಯಿತು. ಹಾಗಾಗಿ ಸಿ. ವಿ. ರಾಮನ್ ಹೆಸರು ಸರಿಯಾಗಿ ಬರುತ್ತದೆ, ಡಾಕ್ಟರ್ ಅನ್ನುವುದರ 'ಡಿಆರ್' ಚುಕ್ಕಿ ಆದಮೇಲೆ ಮಾತ್ರ ಹೆಸರು ಬರುವ ಮೊದಲೇ ದೊಡ್ಡ ಉಸಿರು ಎಳೆದುಕೊಳ್ಳುತ್ತದೆ, ಅದನ್ನು ನಾವೇ ಕೈಯಾರೆ ತಡೆಯಬೇಕು. ಈ ಉಪಾಯ ಕನ್ನಡಕ್ಕೆ ಎಲ್ಲಿ ಬಂತು? ನಮ್ಮಲ್ಲಿ ದೊಡ್ಡಕ್ಷರವೇ ಇಲ್ಲ. ದ. ರಾ. ಬೇಂದ್ರೆ ಅಂತ ಬರೆದರೆ ಚುಕ್ಕಿ ನೋಡಿ ಎರಡು ವಾಕ್ಯ ಮುಗಿಯಿತು ಅಂದುಕೊಂಡರೂ ಬೈಯೋ ಹಾಗಿಲ್ಲ.

ಈಗ ಕಂಪ್ಯೂಟರಿನಲ್ಲಿ ಪಳಗಿದ್ದೇನೆ. ತೊಂದರೆ ಮೊಬೈಲಿನದು. ಅದರಲ್ಲಿ ಸ್ಪೇಸ್ ಎರಡು ಸಲ ತಟ್ಟಿದರೆ ತಾನಾಗಿ ಒಂದು ಫುಲ್‌ಸ್ಟಾಪ್ ಬೀಳುತ್ತದೆ. ಮೊನ್ನೆ ಮಗಳು ಫೋನ್ ಮಾಡಿದಳು.

"ಯಾಕಪ್ಪಾ, ಒಂದೊಂದು ಪದಕ್ಕೂ ಫುಲ್‌ಸ್ಟಾಪ್ ಇಟ್ಟು ಮೆಸೇಜ್ ಮಾಡಿದೀಯ? ಕೋಪಾನಾ?"

"ಕೋಪ ಅಲ್ಲಮ್ಮ," ಅಂದೆ, "ಯೋಚನೆ ಮಾಡ್ತಾ ಇದ್ದೆ."